ಲಗ್ನಪತ್ರಿಕೆಯಂತಿದ್ದ ಆಟದ ಪುಸ್ತಕ

ಐದನೆಯ ಪುಟದ ಕೊನೆಯ ಸಾಲು "ಹುಲಿಯು ಒಂದೇ ಸಲಕ್ಕೆ ಎರಡು ಕುರಿಗಳ ಮೇಲೆ" ಎಂದು ನಿಂತಿತ್ತು. "ಹಾರುವಂತಿಲ್ಲ" ಎಂಬ ಮಾತು ಹಾಳೆ ಮಗುಚಿದ ಮೇಲೆ, ಆರನೆಯ ಪುಟದ ನೆತ್ತಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಹೂವಿನ ಮಧ್ಯೆ ಒಂಟಿಯಾಗಿ ಕೂತಿತ್ತು.

ಪುಸ್ತಕ ನನ್ನ ಸೋದರಮಾವನ ಆಟದ ಪೆಟ್ಟಿಗೆಯದು. ಚನ್ನಪಟ್ಟಣದಲ್ಲಿ ಮಾವನದು ಮರದ ಗೊಂಬೆ ಮಾಡುವ ಸಣ್ಣ ಕಾರ್ಖಾನೆ. ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲರ ಕಣ್ಣೂ ರೇಷ್ಮೆಗೂಡಿನ ಮೇಲಿತ್ತು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾದವು, ಓಣಿಗೊಂದು ನೂಲು ತೆಗೆಯುವ ಘಟಕ ಎದ್ದಿತು, ಗೂಡು ಬೇಯಿಸುವ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಮಾವನ ಕೆಲಸಗಾರರು ಒಬ್ಬೊಬ್ಬರಾಗಿ ಅತ್ತ ನಡೆದರು. ಉಳಿದವರು ಇಬ್ಬರು. ಒಬ್ಬರು ಮಾವನ ವಯಸ್ಸಿನವರು, ಇನ್ನೊಬ್ಬನಿಗೆ ಮೂವತ್ತರ ಹತ್ತಿರ. ಬೆಂಗಳೂರಿನ ಅಂಗಡಿಯೊಂದು ಪೆಟ್ಟಿಗೆಗಳನ್ನು ಕೊಳ್ಳುವುದಾದರೆ ಇರುತ್ತೇವೆ, ಇಲ್ಲದಿದ್ದರೆ ನಾವೂ ನೂಲಿಗೆ ಹೋಗುತ್ತೇವೆ ಎಂದು ಇಬ್ಬರೂ ಹೇಳಿಬಿಟ್ಟಿದ್ದರು.

ಪೆಟ್ಟಿಗೆಯಲ್ಲಿ ಹಾಲೆಮರದ ಒಂದು ಹಲಗೆ. ಒಂದು ಮಗ್ಗುಲಲ್ಲಿ ಹುಲಿ-ಕುರಿ ಆಟದ ಗೆರೆಗಳು, ಇನ್ನೊಂದು ಮಗ್ಗುಲಲ್ಲಿ ಚೌಕಾಬಾರದ ಮನೆಗಳು. ಮೂರು ಹುಲಿ, ಹದಿನೈದು ಕುರಿ, ಚೌಕಾಬಾರಕ್ಕೆ ಬಣ್ಣದ ಕಾಯಿಗಳು, ನಾಲ್ಕು ಕವಡೆ. ಅಂಗಡಿಯ ಒಡತಿ ಒಂದು ಷರತ್ತು ಹಾಕಿದ್ದರು: ಗುರುವಾರ ತಾವೇ ಬಂದು, ಯಾರನ್ನೂ ಕೇಳದೆ, ಬರೀ ಪುಸ್ತಕ ನೋಡಿಕೊಂಡು ಎರಡೂ ಆಟ ಆಡುತ್ತೇನೆ, ಆಡಲು ಬಂದರೆ ತೆಗೆದುಕೊಳ್ಳುತ್ತೇನೆ. ನನಗೆ ಇದಕ್ಕಿಂತ ನ್ಯಾಯವಾದ ಷರತ್ತು ಕಾಣಲಿಲ್ಲ. ಮಾವನಿಗೆ ಇದಕ್ಕಿಂತ ಸುಲಭವಾದದ್ದು ಕಾಣಲಿಲ್ಲ. "ಹುಲಿ-ಕುರಿ ಯಾರಿಗ್ ಬರಾಕಿಲ್ಲ ಮಗ?" ಎಂದರು.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಪುಸ್ತಕ ಬರೆಯುವ ಕೆಲಸ ಬಂತು. ಒಂದು ಸಾಲಿಗೆ ಒಂದೇ ನಿಯಮ ಬರೆದೆ, ಪ್ರತಿಯೊಂದಕ್ಕೂ ಅಂಕಿ ಕೊಟ್ಟೆ. ಚಿತ್ರ ಎಲ್ಲಿ ಬರಬೇಕು, ಪುಟ ಎಲ್ಲಿ ಮುಗಿಯಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ. ರಾಮನಗರದ ಮುದ್ರಣಾಲಯದ ಯಜಮಾನರು ಅದನ್ನು ತೆಗೆದುಕೊಂಡು, ನನ್ನ ಕೆಂಪು ಶಾಯಿಯನ್ನು ಒಂದು ಸಲವೂ ನೋಡದೆ, ತಮಗೆ ಚೆನ್ನಾಗಿ ಬರುವುದನ್ನು ಮಾಡಿದರು. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ಲಗ್ನಪತ್ರಿಕೆ. ರೇಷ್ಮೆಯಿಂದ ಮದುವೆಗಳು ದೊಡ್ಡವಾಗಿದ್ದವು, ಪತ್ರಿಕೆಗಳು ದಪ್ಪವಾಗಿದ್ದವು. ಅಂಗೈಯಗಲದ ಕಾಗದದಲ್ಲಿ ಎರಡು ಕಡೆಯ ನೆಂಟರನ್ನೂ ಒಬ್ಬರೂ ಮುನಿಸಿಕೊಳ್ಳದಂತೆ ಕೂರಿಸುವುದರಲ್ಲಿ ಅವರಿಗೆ ಸಮಾನರಿರಲಿಲ್ಲ.

"ಎಲ್ಲ ಸಾಲುಗಳೂ ಪುಟದ ನಡುಮಧ್ಯಕ್ಕೆ ಯಾಕೆ ಬಂದಿವೆ?" ಎಂದು ಕೇಳಿದೆ.

"ಲಕ್ಷಣವಾಗಿ ಕಾಣ್ಲಿ ಅಂತ. ಎಡಕ್ಕೆ ವಾಲಿಸ್ಬುಟ್ರೆ ಬಲಗಡೆ ಬೋಳುಬೋಳಾಗಿ ಕಾಣಾಕಿಲ್ವಾ?"

"ಒಂದೊಂದು ಸಾಲು ಒಂದೊಂದು ಕಡೆ ಶುರುವಾದರೆ ಓದುವವರ ಕಣ್ಣು ಪ್ರತಿ ಸಲವೂ ಹುಡುಕಿಕೊಂಡು ಹೋಗಬೇಕು."

"ಹೋಗ್ಲಿ ಬುಡು ತಾಯಿ, ಕಣ್ಣಿಗೇನು ಕಾಲ್ನೋವು ಬತ್ತದಾ?"

ಕೊನೆಯ ಪುಟ ತಿರುಗಿಸಿದೆ. ಚೌಕಾಬಾರದ ನಿಯಮಗಳ ಕೆಳಗೆ, ದಪ್ಪ ಅಕ್ಷರದಲ್ಲಿ, "ನಿಮ್ಮ ಆಶೀರ್ವಾದವೇ ಉಡುಗೊರೆ" ಎಂದಿತ್ತು.

"ಇದೇನು?"

"ಅರ್ಧ ಪುಟ ಖಾಲಿ ಇತ್ತು. ಹೋದ ಮದ್ವೇಲಿ ಜೋಡಿಸಿದ್ದು ಹಂಗೇ ಇತ್ತು, ಹಾಕ್ದೆ. ಕೆಟ್ ಮಾತೇನಲ್ವಲ್ಲ."

ಮಾವನಿಗೆ ಪುಸ್ತಕ ಬಹಳ ಹಿಡಿಸಿತು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಭಾನುವಾರ ನನ್ನನ್ನು ಸಾತನೂರಿನ ಹತ್ತಿರ ಇರುವ ತಮ್ಮ ಷಡ್ಡಕನ ಮನೆಗೆ ಕರೆದುಕೊಂಡು ಹೋದರು. ಆ ಮನೆಯಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ನಾಲ್ಕನೆಯದು ಕಳೆದ ಮೇಲೆ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಆದರೂ ಸೊಪ್ಪು ಹಾಕಿದ ಬಿಡುವಿನಲ್ಲಿ ಷಡ್ಡಕರು ಜಗುಲಿಗೆ ಬಂದು, ಪುಸ್ತಕದ ರಕ್ಷಾಪುಟ ನೋಡಿ, ಪಕ್ಕಕ್ಕಿಟ್ಟು, ಹಲಗೆ ಬಿಡಿಸಿಕೊಂಡು ಆಡಲು ಕೂತರು.

"ಪುಸ್ತಕ ಚೆನ್ನಾಗೈತೆ ಕಣಯ್ಯ," ಎಂದರು ಮಾವನಿಗೆ.

"ಯಾವ ಪುಟ ಓದಿದಿರಿ?" ಎಂದೆ ನಾನು.

"ಓದಾಕೇನೈತವ್ವ ಅದ್ರಲ್ಲಿ? ಬುದ್ಧಿ ಬಂದಾಗಿಂದ ಆಡ್ತಾ ಇವ್ನಿ."

ಸೊಪ್ಪಿನ ಹೊರೆ ಹೊತ್ತು ಒಳಗೆ ಹೋಗುತ್ತಿದ್ದ ಅವರ ಹೆಂಡತಿ ಬಾಗಿಲಲ್ಲಿ ನಿಂತು ಹಲಗೆ ನೋಡಿದರು. "ಮೂರೇ ಹುಲಿಯಾ? ಮಾಗಡಿ ಕಡೆ ನಮ್ಮಪ್ಪನ ಮನೇಲಿ ನಾಲ್ಕು."

"ನಿಮ್ಮಪ್ಪನ ಮನೇಲಿ ಎಲ್ಲಾನೂ ಒಂದ್ ಜಾಸ್ತೀನೇ," ಎಂದರು ಗಂಡ.

"ಅದ್ಕೇ ಅಲ್ವಾ ಬಂದು ಕೇಳ್ಕಂಡಿದ್ದು ನನ್ನ?"

ಎಲ್ಲರೂ ನಕ್ಕರು. ಮಾವ ಪರೀಕ್ಷೆ ಪಾಸಾಯಿತು ಎಂದು ಎರಡು ಲೋಟ ಮಜ್ಜಿಗೆ ಕುಡಿದರು. ಕನಕಪುರದಿಂದ ಮಾಗಡಿಯವರೆಗೆ ಯಾರನ್ನು ಕೂರಿಸಿದರೂ ಇದೇ ಆಗುತ್ತಿತ್ತು. ಆಟ ಬಲ್ಲವರ ಕೈಗೆ ಆಟದ ಪುಸ್ತಕ ಕೊಟ್ಟು ಅರ್ಥವಾಯಿತೇ ಎಂದು ಕೇಳುವುದು ಎಂಥ ಪರೀಕ್ಷೆ ಎಂದು ಮಾವನಿಗೆ ಮೂರು ರೀತಿಯಲ್ಲಿ ಹೇಳಿದೆ. ಮೂರಕ್ಕೂ ಅವರು ತಲೆದೂಗಿದರು, ಅದೇ ನನಗೆ ಇನ್ನಷ್ಟು ಬೇಸರ ತಂದಿತು.

ಹೊರಡುವ ಮೊದಲು ಹುಳುಮನೆಯೊಳಗೆ ಇಣುಕಿದೆ. ಗೋಡೆಯ ಮೇಲೆ ಒಂದು ಸಾಕಾಣಿಕೆ ಪಟ್ಟಿ ತೂಗಾಡುತ್ತಿತ್ತು. ಮೊಟ್ಟೆ ಮಾರುವವರು ರೈತರಿಗೆ ಕೊಡುವಂಥದ್ದು. ಯಾವ ಜ್ವರ, ಎಷ್ಟು ದಿನ, ಸೊಪ್ಪು ಯಾವ ಅಳತೆಗೆ ಕತ್ತರಿಸಬೇಕು, ದಿನಕ್ಕೆ ಎಷ್ಟು ಸಲ. ಮೇಲಿಂದ ಕೆಳಕ್ಕೆ ನಾಲ್ಕು ಕಂಬಸಾಲು, ಎಲ್ಲವೂ ಎಡದಿಂದ ಶುರು, ಸಾಲು ಸಾಲಿನ ನಡುವೆ ಗಾಳಿಯಾಡುವಷ್ಟು ಜಾಗ, ಮಾಡಬಾರದ್ದು ಮಾತ್ರ ದಪ್ಪ ಅಕ್ಷರದಲ್ಲಿ ಕಪ್ಪು ಚೌಕದೊಳಗೆ. ಎರಡು ಕೈಯಲ್ಲೂ ಸೊಪ್ಪು ಹಿಡಿದಿದ್ದ ಆ ತಾಯಿ ತಲೆಯೆತ್ತಿ ಒಮ್ಮೆ ನೋಡಿದರು, ಬೇಕಾದ್ದು ಸಿಕ್ಕಿತು, ಮುಂದಿನ ತಟ್ಟೆಗೆ ಹೋದರು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರಿತ್ತು. ನಮ್ಮ ಲಗ್ನಪತ್ರಿಕೆಯ ಯಜಮಾನರದೇ! ಹೋದ ಬೆಳೆಯ ಹಳೇ ಪಟ್ಟಿಯೊಂದನ್ನು ಕೇಳಿ ಪಡೆದೆ.

ಸೋಮವಾರ ಮತ್ತೆ ಮುದ್ರಣಾಲಯ. ಯಜಮಾನರ ಮನೆಯಲ್ಲೂ ಹುಳು ಸಾಕುತ್ತಾರೆಂದು ಗೊತ್ತಿದ್ದರಿಂದ, ಜಾಣತನ ಮಾಡುತ್ತಿದ್ದೇನೆಂದುಕೊಂಡು ಹೇಳಿದೆ: "ಹುಳು ಬೆಳೆದ ಹಾಗೆ ತಟ್ಟೆಯಲ್ಲಿ ಜಾಗ ಬಿಡುತ್ತೀರಿ. ಅಕ್ಷರಕ್ಕೂ ಹಾಗೇ ಬಿಡಬಾರದೇ?"

"ಜಾಗ ಬುಡ್ದಿದ್ರೆ ಹುಳ ಸಾಯ್ತವೆ ತಾಯಿ. ಅಕ್ಷರ ಸತ್ತಿದ್ದು ಎಲ್ಲಾದ್ರೂ ನೋಡಿದ್ದೀಯಾ?"

ಬಸ್ಸಿನಲ್ಲಿ ಉದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಅಲ್ಲಿಗೆ ಮುಗಿಯಿತು. ಚೀಲದಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಹರವಿದೆ.

"ಇದನ್ನು ಜೋಡಿಸಿದ್ದು ಯಾರು?"

"ನಾನೇ."

"ಇದಕ್ಕೆ ಹೂವು ಹಾಕಿಲ್ಲವಲ್ಲ?"

"ಇದು ಕೆಲಸದ ಕಾಗ್ದ ಕಣವ್ವ. ಹೂವ ಹುಡುಕ್ಕಂಡು ಕೂತ್ರೆ ಹುಳ ಕಾಯ್ತವಾ?"

"ನನ್ನದೂ ಕೆಲಸದ ಕಾಗದವೇ. ಗುರುವಾರ ಬೆಂಗಳೂರಿನ ಅಂಗಡಿಯ ಅಮ್ಮನಿಗೆ ಇದು ಅರ್ಥವಾಗದಿದ್ದರೆ ಮಾವನ ಇಬ್ಬರು ಕೆಲಸಗಾರರೂ ಹೊರಡುತ್ತಾರೆ."

ಅವರು ಪಟ್ಟಿಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. "ಒಸಿ ಮುಂಚೇನೇ ಹೇಳಾದಲ್ವಾ ಹಿಂಗೆ ಅಂತ?" ಎಂದರು. ಮೇಜಿನ ಮೂಲೆಯಲ್ಲೇ ಬಿದ್ದಿದ್ದ ನನ್ನ ಕೆಂಪು ಶಾಯಿಯ ಹಾಳೆಗಳನ್ನು ಅವರ ಮುಂದಕ್ಕೆ ಸರಿಸಿದೆ. ಮೂರು ಮದುವೆಯ ಕೆಲಸ ಕೈಯಲ್ಲಿದ್ದುದರಿಂದ ಗುರುವಾರದೊಳಗೆ ಹುಲಿ-ಕುರಿಯ ಎಂಟು ಪುಟ ಮಾತ್ರ ಹೊಸದಾಗಿ ಜೋಡಿಸಲು ಸಾಧ್ಯ, ಚೌಕಾಬಾರ ಇದ್ದ ಹಾಗೇ ಇರಬೇಕು ಎಂದರು.

ಆ ಎಂಟು ಪುಟಗಳನ್ನು ಅವರು ನಿಜವಾಗಿಯೂ ಚೆನ್ನಾಗಿ ಮಾಡಿದರು. ಎಡಪುಟದಲ್ಲಿ ನಿಯಮ, ಎದುರಿನ ಬಲಪುಟದಲ್ಲಿ ಅದರ ಚಿತ್ರ, ಹಾಳೆ ಮಗುಚುವ ಕೆಲಸವಿಲ್ಲ. ಯಾವ ವಾಕ್ಯವೂ ಒಂದು ಪುಟದಿಂದ ಇನ್ನೊಂದಕ್ಕೆ ಹರಿಯುತ್ತಿರಲಿಲ್ಲ. ಕೆಳಗಿನ ಅಂಚು ನಾನು ಬರೆದುಕೊಟ್ಟಿದ್ದಕ್ಕಿಂತ ಅಗಲವಾಗಿತ್ತು. ಯಾಕೆಂದು ಕೇಳಿದ್ದಕ್ಕೆ, "ಪುಸ್ತಕ ಹಿಡಿಯೋ ಹೆಬ್ಬೆರಳು ಎಲ್ಲೋಗ್ಬೇಕು? ಅಕ್ಷರದ್ ಮೇಲಾ?" ಎಂದರು. ನನಗೆ ಹೊಳೆದಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಗುರುವಾರ ಅಂಗಡಿಯ ಒಡತಿ ಬಂದರು. ಮುಂಬಯಿಯಲ್ಲಿ ಕನ್ನಡ ಶಾಲೆಗೆ ಹೋಗಿ ಬೆಳೆದವರು, ಮನೆಯಲ್ಲಿ ಕೇರಂ ಬಿಟ್ಟರೆ ಬೇರೆ ಆಟ ಕಂಡವರಲ್ಲ. ಹಿರಿಯ ಕೆಲಸಗಾರರು ಎದುರಾಳಿಯಾಗಿ ಕೂತರು. ಬಾಯಿ ಬಿಡಬಾರದೆಂದು ಮಾವನಿಗೆ ಬೆಳಗಿನಿಂದ ಹೇಳಿದ್ದೆ. ಆಕೆ ಅಂಕಿಯ ಮೇಲೆ ಬೆರಳಿಟ್ಟು ಒಂದು ನಿಯಮ ಓದುವರು, ಹಲಗೆ ನೋಡುವರು, ಒಂದು ಕುರಿ ಇಡುವರು. ಒಂದು ಸಲವೂ ತಲೆಯೆತ್ತಿ ಯಾರ ಮುಖವನ್ನೂ ನೋಡಲಿಲ್ಲ. ಹುಲಿಗಳ ಕೈಯಲ್ಲಿ ಸೋತು, ನಕ್ಕು, ಹಲಗೆ ಮಗುಚಿದರು.

ಕವಡೆ ಎಸೆದರು. ನಾಲ್ಕೂ ಬೋರಲು ಬಿದ್ದವು. ಅದಕ್ಕೆ ಎಷ್ಟು ಲೆಕ್ಕ ಎಂಬುದು ಹಳೆಯ ಪುಟದ ನಟ್ಟನಡುವೆ, ಐದು ಲೆಕ್ಕಗಳನ್ನು ಒಂದೇ ಉಸಿರಿಗೆ ಹೇಳುವ ವಾಕ್ಯದೊಳಗೆ ಹುದುಗಿತ್ತು. ಅವರ ಬೆರಳು ಓದಿದ ಸಾಲಿಗೇ ಎರಡು ಸಲ ವಾಪಸು ಹೋಯಿತು. ನಾನು ಮಾವನ ಕಡೆ ನೋಡಿದೆ. ಅಷ್ಟರಲ್ಲಿ ತಡವಾಗಿತ್ತು.

"ಅದು ಎಂಟು ಕಣಮ್ಮ! ಎಂಟು ಬಿದ್ರೆ ಇನ್ನೊಂದ್ ಸಲ ಹಾಕ್ಬೇಕು. ಹಾಕಿ, ಹಾಕಿ!"

ಆಕೆ ಪುಸ್ತಕ ಮುಚ್ಚಿದರು. "ಪೆಟ್ಟಿಗೆ ಕೊಂಡವರ ಮನೆಗೆಲ್ಲ ನೀವೂ ಹೋಗ್ತೀರಾ?" ಎಂದು ಮೆಲ್ಲಗೆ ಕೇಳಿದರು. ಚೌಕಾಬಾರವೂ ಹುಲಿ-ಕುರಿಯ ಹಾಗೇ ಆಗಲಿ, ಮುಂದಿನ ಗುರುವಾರ ಬಂದು ನೋಡಿ ಹೇಳುತ್ತೇನೆ ಎಂದು ಕಾರು ಹತ್ತಿದರು.

ಕಿರಿಯ ಕೆಲಸಗಾರ ಗೂಟದಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡ. ನೂಲಿನವರಿಗೆ ಇವತ್ತೇ ಮಾತು ಹೇಳಬೇಕಿತ್ತಂತೆ. ಮಾವ ಅವನನ್ನು ತಡೆಯಲಿಲ್ಲ. ಹಿರಿಯರು ಕುರಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತ, "ನಾನ್ ಒಂದ್ ವಾರ ನೋಡ್ತೀನಿ ಅಮ್ಮಣ್ಣಿ," ಎಂದರು. "ಅದ್ರ ಮೇಲೆ ಆಗಾಕಿಲ್ಲ. ಮನೇಲಿ ಕೇಳ್ತಾರೆ."

"ಒಂದೇ ಒಂದ್ ಮಾತು ಹೇಳಿದ್ದಕ್ಕೆ ಇಷ್ಟೆಲ್ಲಾನಾ?" ಎಂದರು ಮಾವ. ನಾನು ಪುಸ್ತಕ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಾಮನಗರಕ್ಕೆ ಹೋದೆ. ಮುದ್ರಣಾಲಯಕ್ಕೆ ಇನ್ನೂ ಬೀಗವಿತ್ತು. ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು, ಕವಡೆ ಲೆಕ್ಕಕ್ಕೆ ಎರಡು ಕಂಬಸಾಲು ಎಳೆದು ಐದೂ ಲೆಕ್ಕಗಳನ್ನು ಒಂದರ ಕೆಳಗೊಂದು ಬರೆದೆ. ಯಜಮಾನರು ಬೀಗದ ಕೈ ಹಿಡಿದು ಬಂದಾಗ ಎದ್ದು ನಿಂತು ಹಾಳೆಯನ್ನು ಮುಂದೆ ಚಾಚಿದೆ.

"ಬಾಗ್ಲು ತೆಗಿಯಾಕಾದ್ರೂ ಬುಡ್ತೀಯಾ ತಾಯಿ?" ಎಂದರು.

ಪಕ್ಕಕ್ಕೆ ಸರಿದು ನಿಂತೆ.