ಅತ್ತೆ ಒತ್ತದ ಹೆಬ್ಬೆಟ್ಟು

ಟೈಪಿಂಗ್ ಬರುತ್ತದೆ ಎಂಬ ಜಂಬ ಆ ವಯಸ್ಸಿನಲ್ಲಿ ನನಗೆ ಸ್ವಲ್ಪ ಹೆಚ್ಚೇ ಇತ್ತು. ಕನ್ನಡ ಜೂನಿಯರ್ ಪರೀಕ್ಷೆ ಪಾಸಾಗಿ, ಚಿತ್ರದುರ್ಗದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲೇ ಕೂತು ವಕೀಲರೊಬ್ಬರ ಕಾಗದಪತ್ರ ಹೊಡೆದುಕೊಡುತ್ತಿದ್ದೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ಮೆಷಿನ್ನಿನ ಮುಂದೆ ಕೂತ ಮೊದಲ ಹೆಣ್ಣು ನಾನೇ. ಆ ಜಂಬವನ್ನು ಇಳಿಸಿದವಳು ಅಕ್ಷರ ಬಾರದ ನನ್ನ ಸೋದರತ್ತೆ. ಇಳಿಸಿ, ಅದರ ಜಾಗದಲ್ಲಿ ಬೇರೊಂದು ಹೆಮ್ಮೆ ಕೊಟ್ಟಳು. ಅದು ಮಾತ್ರ ಇವತ್ತಿಗೂ ಇಳಿದಿಲ್ಲ.

ತುರ್ತು ಪರಿಸ್ಥಿತಿಯ ಕಾಲ. ಹರಿಯಬ್ಬೆಯಲ್ಲಿದ್ದ ಅತ್ತೆಯ ಗಂಡ, ನನ್ನ ಮಾವ, ಕುರಿಗಾರರನ್ನು ಸೇರಿಸಿಕೊಂಡು ಗೋಮಾಳ ಬಿಡಿಸಿಕೊಡಿ ಎಂದು ಕಚೇರಿ ಮುಂದೆ ಕೂತಿದ್ದ. ಅದಾಗಿ ವಾರಕ್ಕೆ ಗಂಡ ಹೆಂಡತಿ ಐಮಂಗಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಜೀಪು ಬಂದು ನಿಂತಿತು. ಖಾಕಿ ತೊಟ್ಟ ಇಬ್ಬರು ಇಳಿದು, "ಸ್ವಲ್ಪ ವಿಚಾರಣೆ ಐತೆ" ಎಂದು ಮಾವನನ್ನು ಹತ್ತಿಸಿಕೊಂಡು ಹೋದರು. ಅವನ ಕಂಬಳಿ ಅತ್ತೆಯ ಕೈಯಲ್ಲೇ ಉಳಿಯಿತು. ಮಾರನೆಯ ದಿನದಿಂದ ಕೇಳಿದ ಕಡೆಯೆಲ್ಲ ಒಂದೇ ಉತ್ತರ: ಅಂಥವನು ನಮ್ಮಲ್ಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅತ್ತೆ ಆ ಕಂಬಳಿ ಹೊದ್ದುಕೊಂಡು ಇನ್‌ಸ್ಟಿಟ್ಯೂಟಿಗೇ ಬಂದಳು. "ಲೇ ತಾಯಿ, ನಿನ್ ಮಿಷಿನ್ನಾಗೆ ಒಂದು ಅರ್ಜಿ ಹೊಡಿ."

ಹೊಡೆದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆಯ ಪೊಲೀಸ್ ಠಾಣೆಗೆ ಕೊಡಲು ಕಾರ್ಬನ್ ಇಟ್ಟು ನಾಲ್ಕು ಪ್ರತಿ. 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಪತಿಯವರು ಕಾಣೆಯಾಗಿರುತ್ತಾರೆ.' ಒಂದು ತಪ್ಪಿಲ್ಲ, ಮಾರ್ಜಿನ್ ಗೆರೆ ಎಳೆದ ಹಾಗಿತ್ತು.

"ಓದು," ಎಂದಳು. ಓದಿದೆ.

"ಏನಾಗ್ಯಾನೆ?"

"ಕಾಣೆಯಾಗಿರುತ್ತಾರೆ, ಅತ್ತೆ."

"ಯಾವನೇ ನಿಂಗೆ ಹೇಳಿದ್ದು?" ಎಂದು ಕೂಗಿದಳು ನೋಡಿ, ಸುತ್ತಲಿನ ಮೆಷಿನ್ನುಗಳ ಟಕಟಕವೆಲ್ಲ ನಿಂತುಹೋಯಿತು. "ಕುರಿ ದಾರಿ ತಪ್ಪಿದ್ರೆ ಕಾಣೆ ಆತು ಅಂತೀವಿ. ತೋಳ ಹೊತ್ಕಂಡ್ ಹೋಗಿದ್ದನ್ನ ಕಣ್ಣಾರೆ ಕಂಡೋಳು ಕಾಣೆ ಆತು ಅಂದ್ರೆ ಬಾಯಾಗೆ ಹುಳ ಬೀಳಲ್ವೇನೇ? ಕರ್ಕಂಡ್ ಹೋದ್ರು ಅಂತ ಹೊಡಿ. ಅಷ್ಟೂ ಬರಲ್ವ ನಿನ್ ಮಿಷಿನ್ನಿಗೆ?"

ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಅರ್ಜಿ ಅಂದರೆ ಹೀಗೇ ಬರೆಯುವುದು ಎಂದು ಗೊಣಗಿದೆ. ಕಾಗದ ಹೊಡೆಸಲು ಬಂದು ಅಲ್ಲೇ ಕೂತಿದ್ದ ನಮ್ಮ ವಕೀಲರು ಕನ್ನಡಕ ತೆಗೆದರು. "ಆಯಮ್ಮ ಹೇಳಿದ್ದೇ ಸರಿ ಕಣಮ್ಮ. ಕಾಣೆ ಅಂತ ಹೆಬ್ಬೆಟ್ಟು ಒತ್ತಿದ್ರೆ, ಮನೆ ಬಿಟ್ಟು ಓಡಿಹೋದ ಅಂತ ಬರ್ಕಂಡು ಫೈಲ್ ಮುಚ್ಚಿಬಿಡ್ತಾರೆ. ಈಗ ಕೋರ್ಟಿಗೆ ಹೋದ್ರೂ ಕೇಳೋರಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ಆದ್ರೆ ಕರ್ಕಂಡ್ ಹೋದ್ರು ಅಂತ ಬರೆದ್ರೆ ನಿಮ್ಮನ್ನೂ ಕರ್ಕಂಡ್ ಹೋದಾರು, ಯೋಚ್ನೆ ಮಾಡ್ರಿ," ಎಂದರು.

"ಹೋಗ್ಲಿ ಬಿಡ್ರಿ ಸ್ವಾಮಿ. ಅಲ್ಲೇ ಸಿಗ್ತಾನಲ್ಲ," ಎಂದಳು ಅತ್ತೆ.

ಹಳೆಯದನ್ನು ಹರಿದು ಹೊಸದು ಹೊಡೆದೆ. ಕೊನೆಯ ಕಾರ್ಬನ್ ಪ್ರತಿ ಮಸುಕಾಗಿತ್ತು, ಅದನ್ನೂ ಅತ್ತೆ ಒಪ್ಪಲಿಲ್ಲ. ಕಾಣಲಿಲ್ಲ ಅಂತ ನೆಪ ಹೇಳ್ತಾರಂತೆ! ಕೊನೆಗೆ ನಾಲ್ಕನ್ನೂ ಬೇರೆ ಬೇರೆಯಾಗಿ ಹೊಡೆದುಕೊಟ್ಟೆ. ನಾನೂ ಜೊತೆಗೆ ಹೊರಟೆ, ಓದಿ ಹೇಳುವವರು ಬೇಕಲ್ಲ.

ಎಲ್ಲ ಕಡೆಯೂ ಆಗುತ್ತಿದ್ದುದು ಒಂದೇ. ಅರ್ಜಿ ಓದುತ್ತಾ ತಲೆಯಾಡಿಸುವವರು 'ಕರೆದುಕೊಂಡು ಹೋದರು' ಎಂಬ ಮಾತು ಬಂದ ತಕ್ಷಣ ನಿಲ್ಲುತ್ತಿದ್ದರು. "ಇದನ್ನ ಹೊಡೆದುಹಾಕಿ ಕಾಣೆ ಅಂತ ತಿದ್ದಿ ತಗಂತೀವಿ, ಒತ್ತಮ್ಮ," ಎಂದು ಶಾಯಿ ಡಬ್ಬಿ ಮುಂದೆ ತಳ್ಳುತ್ತಿದ್ದರು. ಅತ್ತೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಂಬಳಿಯೊಳಗೆ ಸೇರಿಸಿಬಿಡುತ್ತಿದ್ದಳು. ಗದರಿಸಿದರು, ದಿನವಿಡೀ ಬಿಸಿಲಲ್ಲಿ ಕೂರಿಸಿದರು. ಮೂರನೆಯ ಠಾಣೆಯಲ್ಲಿ ನನಗೇ ಸಾಕಾಗಿ, "ಒತ್ತಿಬಿಡತ್ತೆ, ಹೋಗಾಣ," ಎಂದೆ. ಆವತ್ತು ಬಸ್ಸಿನಲ್ಲಿ ಅತ್ತೆ ಬುತ್ತಿಯ ರೊಟ್ಟಿ ಕೊಟ್ಟು, ಕಿಟಕಿಯ ಕಡೆ ತಿರುಗಿ ಕೂತಳು. ಆ ರೊಟ್ಟಿಯನ್ನು ನಾನು ಹಾಗೇ ಬುತ್ತಿಗೆ ವಾಪಸು ಕಟ್ಟಿಟ್ಟೆ.

ನಾಲ್ಕನೆಯದು ಯಾವ ಊರಿನ ಠಾಣೆ ಎಂದು ಬರೆಯುವುದಿಲ್ಲ, ಆ ಅಧಿಕಾರಿಯ ಮಕ್ಕಳು ಮರಿ ಎಲ್ಲಾದರೂ ಇದ್ದಾರು. ಬೆಳಿಗ್ಗೆಯಿಂದ ಅತ್ತೆಯ ಜೊತೆ ಹೆಣಗಿ ಅವನ ತಾಳ್ಮೆ ಕೆಟ್ಟಿತು. ಮೇಜು ಗುದ್ದಿ ಎದ್ದ. "ಎಷ್ಟ್ ಸಲ ಹೇಳ್ಬೇಕಮ್ಮ? ನಾವೆಲ್ಲಿ ಕರ್ಕಂಡ್ ಹೋದ್ವಿ? ಕರ್ಕಂಡ್ ಹೋದೋರು ಹೊರಗಿನ ಜಿಲ್ಲೆಯೋರು! ಅವರ ಜೀಪದು!"

ಬಾಯಿ ಜಾರಿದ್ದು ಹೇಳಿದ ಮೇಲೆ ಅವನಿಗೇ ಗೊತ್ತಾಯಿತು. ಪಕ್ಕದ ಪೇದೆ ಗೋಡೆ ನೋಡುತ್ತಾ ನಿಂತ.

ಅತ್ತೆ ಮೆತ್ತಗೆ ಕೇಳಿದಳು: "ಅಂದ್ರೆ ಕರ್ಕಂಡ್ ಹೋಗಿರೋದು ಹೌದು. ಅದನ್ನೇ ಬರ್ದುಕೊಡ್ರಿ ಸ್ವಾಮಿ."

ಅವನು ಬರೆದುಕೊಡಲಿಲ್ಲ ಬಿಡಿ. ನಾನು ಬರೆದುಕೊಂಡೆ. ಹೊರಗೆ ಹುಣಸೆ ಮರದ ಕೆಳಗೆ ಕೂತು, ಅವನ ಬಾಯಿಂದ ಬಂದ ಒಂದೊಂದು ಮಾತನ್ನೂ ಅರ್ಜಿಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಇಳಿಸಿದೆ. ವಕೀಲರು ಅದನ್ನು ಸೇರಿಸಿ, ತಮ್ಮದೇ ಸಹಿ ಹಾಕಿ ಬೆಂಗಳೂರಿಗೆ, ಮೇಲಿನವರಿಗೆಲ್ಲ, ರಿಜಿಸ್ಟರ್ ಅಂಚೆಯಲ್ಲಿ ಮತ್ತೆ ಮತ್ತೆ ಕಳಿಸಿದರು. ಅಷ್ಟರಲ್ಲಿ ಅತ್ತೆಯ ಸುದ್ದಿ ಕೇಳಿ, ಹೀಗೇ ಗಂಡಸರನ್ನು ಕರೆದೊಯ್ದಿದ್ದ ಇನ್ನೂ ಮೂರು ಮನೆಯ ಹೆಂಗಸರು ನಮ್ಮ ಮೆಷಿನ್ನಿನ ಹತ್ತಿರ ಬಂದಿದ್ದರು. "ಕುಂತ್ಕಳ್ರಿ, ಹೆದರ್ಬ್ಯಾಡ್ರಿ, ನಮ್ ಹುಡುಗಿ ಸರಿಯಾಗಿ ಹೊಡಿತಾಳೆ," ಎಂದು ಅತ್ತೆಯೇ ಅವರಿಗೆ ಹೇಳುತ್ತಿದ್ದಳು. ಜೂನಿಯರ್ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ನಾಲ್ಕು ತಿಂಗಳಿಗೆ ಕಾಗದ ಬಂತು. ಇಂಥವನು ದೂರದ ಇಂಥ ಜೈಲಿನಲ್ಲಿದ್ದಾನೆ, ಹೆಂಡತಿ ನೋಡಬಹುದು.

ಜೈಲಿನ ಬಾಗಿಲಲ್ಲಿ ಗುಮಾಸ್ತ ದಪ್ಪ ಪುಸ್ತಕ ತೆರೆದು ಶಾಯಿ ಡಬ್ಬಿ ತಳ್ಳಿದ. ಅತ್ತೆಯ ಕೈ ತಾನಾಗಿಯೇ ಕಂಬಳಿಯೊಳಗೆ ಹೋಯಿತು.

"ಏನ್ ಬರ್ದೈತೆ, ಓದು."

"ನಿನ್ನ ಹೆಸರು, ಊರು. ಗಂಡನ್ನ ನೋಡೋಕೆ ಬಂದಿದ್ದಾಳೆ ಅಂತ."

"ಬೇರೆ ಏನೂ ಇಲ್ವ?"

"ಇಲ್ಲತ್ತೆ."

ಆಗ ಹೆಬ್ಬೆಟ್ಟು ಹೊರಗೆ ಬಂತು. ಗುಮಾಸ್ತ ಸಾಕಮ್ಮ ಸಾಕು ಎನ್ನುವವರೆಗೂ ಒತ್ತಿ ಹಿಡಿದಿದ್ದಳು.

ಜಾಲರಿಯ ಆಚೆ ಬಂದು ನಿಂತ ಮಾವನನ್ನು ನಾನು ಮೊದಲು ಗುರುತೇ ಹಿಡಿಯಲಿಲ್ಲ, ಅಷ್ಟು ಸೊರಗಿದ್ದ. ಅವನು ಹೆಂಡತಿಯ ಮುಖ ನೋಡುವ ಮೊದಲು ಅವಳ ನೀಲಿ ಹೆಬ್ಬೆಟ್ಟು ನೋಡಿದ.

"ಒತ್ಬಿಟ್ಯಾ? ಹಂಗಾರೆ ಇಲ್ಲಿನೋರು ಹೇಳಿದ್ದು ನಿಜಾನಾ? ನಾನು ಮನೆ ಬಿಟ್ಟು ಓಡೋದೆ ಅಂತ ನೀನೇ ಒತ್ತಿ ಕೊಟ್ಟೀಯ ಅಂತಿದ್ರು, ವಾರ ವಾರಾನೂ."

ಅತ್ತೆ ಹೆಬ್ಬೆಟ್ಟನ್ನು ಜಾಲರಿಗೆ ತಾಗಿಸಿ ಹಿಡಿದಳು. "ಇದು ಈಗ ಒತ್ತಿದ್ದು, ಇಲ್ಲೇ ಬಾಗ್ಲಾಗೆ, ನಿನ್ನ ನೋಡಾಕೆ. ಇದೊಂದೇ. ಬೇಕಾರೆ ಈ ಹುಡುಗೀನ ಕೇಳು."

ಮಾವ ನನ್ನ ಕಡೆ ನೋಡಿದ.

"ಹೌದು ಮಾವ," ಎಂದೆ. "ಇದೊಂದೇ."