ಮಡುವಿನ ಗುಳ್ಳೆ ಎಲ್ಲಿ ಹೋಯಿತು

ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಎಂಎಸ್ಸಿಯಲ್ಲಿ ಪ್ರಾಜೆಕ್ಟಿಗೆ ಏನು ಮಾಡ್ತೀಯ ಅಂತ ಮೇಡಂ ಕೇಳಿದಾಗ, ಹನಗೋಡಿನ ಕಡೆ ಇರೋ ನಮ್ಮೂರ ಕೆರೆ ಅಂದೆ. ಕೆರೆಯ ತಳದಲ್ಲಿ ಸೊಪ್ಪುಸದೆ ಕೊಳೆತು ಹೂಳಾಗುತ್ತದೆ, ಹೂಳಿನಲ್ಲಿ ಮೀಥೇನ್ ಹುಟ್ಟಿ ಗುಳ್ಳೆಯಾಗಿ ಏಳುತ್ತದೆ. ಅದನ್ನು ಹಿಡಿದು ಅಳೆಯುವುದು ನನ್ನ ಕೆಲಸ.

ಹಿಡಿಯುವ ಸಾಮಾನು ದೊಡ್ಡದೇನಲ್ಲ. ಡೀಸೆಲ್ ಹುಯ್ಯುವ ಪ್ಲಾಸ್ಟಿಕ್ ಲಾಳಿಕೆ ಮಗುಚಿ, ಮೂತಿಗೆ ನೀರು ತುಂಬಿದ ಬಾಟಲಿ ಸಿಕ್ಕಿಸಿ, ನೀರೊಳಗೆ ಕಟ್ಟಿಬಿಡುವುದು. ಕೆರೆ ಏರಿಯ ಮೇಲೆ ಕೂತವರಿಗೆ ಗೇಲಿ ಮಾಡಲು ಅಷ್ಟೇ ಸಾಕಾಯಿತು.

"ಏನವ್ವ, ಲಾಳಿಕೆ ಇಡ್ಕಂಡು ಎಲ್ಲಿಗೆ? ಕೆರೆಗೆ ಎಣ್ಣೆ ಉಯ್ಯಕಾ?"

"ಇಲ್ಲ ಕಣಣ್ಣ. ಕೆರೆ ಹೂಸು ಬುಟ್ರೆ ಹಿಡಿಯಕೆ."

ಅವತ್ತಿನಿಂದ ನನ್ನ ಹೆಸರೇ ಲಾಳಿಕೆ.

ಹೂಳು ಎಲ್ಲಿ ಹೆಚ್ಚೋ ಗುಳ್ಳೆಯೂ ಅಲ್ಲೇ ಹೆಚ್ಚು ಅಂತ ಎಣಿಸಿ, ತೂಬಿನ ಪಕ್ಕದ ಆಳವಾದ ಮಡುವಿನಲ್ಲೇ ಲಾಳಿಕೆ ಕಟ್ಟಿದ್ದೆ. ಮೂರು ವಾರವಾದರೂ ಬಾಟಲಿಯಲ್ಲಿ ಹುಣಿಸೆಬೀಜದಷ್ಟೂ ಗಾಳಿ ಸೇರಲಿಲ್ಲ. "ಸೋಮವಾರದೊಳಗೆ ಏನಾದರೂ ತೋರಿಸು, ಇಲ್ಲಾಂದ್ರೆ ವಿಷಯ ಬದಲಾಯಿಸು, ಒಂದು ವರ್ಷ ಹೋಗುತ್ತೆ," ಅಂದರು ಮೇಡಂ. ಒಂದು ವರ್ಷ ಹೋಯಿತು ಅಂದರೆ ನಮ್ಮನೆಯಲ್ಲಿ ಓದೇ ಮುಗಿದ ಹಾಗೆ.

ಅಪ್ಪ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಶನಿವಾರ ಬೆಳಿಗ್ಗೆ ನನ್ನನ್ನು ಹರಿಗೋಲಿಗೆ ಹತ್ತಿಸಿಕೊಂಡ. ಮಡುವಿನಲ್ಲಿ ಬಿದಿರು ಗಳ ಇಳಿಸಿ ಹೂಳು ಕೆದಕಿದ. ಕಾದು ನೋಡಿದರೆ ನಾಲ್ಕೈದು ಸಣ್ಣ ಗುಳ್ಳೆ ಬಂದವು, ಅಷ್ಟೇ. ಆಮೇಲೆ ಎದೆಮಟ್ಟದ ನೀರಿಗೆ ಬಂದು ಕೆದಕಿದ. ಬುಳುಬುಳು ಅಂತ ಎದ್ದವು.

"ಮಡೂಲಿ ಗುಳ್ಳೆ ಇಲ್ಲ ಅಂತಲ್ಲ ಕಣವ್ವ. ದಾರಿ ದೂರ. ಬರೋ ಅಷ್ಟ್ರಲ್ಲಿ ಸವೆದೋಯ್ತದೆ."

"ಸವೆದು ಎಲ್ಲಿಗೋಯ್ತದಪ್ಪ?"

"ಸಾರಿಗಾಕಿದ ಉಪ್ಪು ಎಲ್ಲಿಗೋಯ್ತದೆ? ಓದಿರೋಳು ನೀನು, ನನ್ನ ಕೇಳ್ತೀಯಲ್ಲ!"

ನಾಚಿಕೆಯಾಯಿತು. ಏಳುವ ಗುಳ್ಳೆಯ ಅನಿಲ ದಾರಿಯುದ್ದಕ್ಕೂ ನೀರಿಗೆ ಕರಗುತ್ತದೆ, ಗುಳ್ಳೆ ಸಣ್ಣದಾದಷ್ಟೂ ಬೇಗ ಸವೆಯುತ್ತದೆ ಅಂತ ಪರೀಕ್ಷೆಯಲ್ಲಿ ಬರೆದವಳೇ ನಾನು. ಕೆರೆಗಿಳಿದಾಗ ಮಾತ್ರ ಮೇಲೆ ಬಂದ ಗಾಳಿಯೊಂದನ್ನೇ ಹುಡುಕಿದ್ದೆ. ನೀರನ್ನು ಕೇಳಿರಲೇ ಇಲ್ಲ.

ಆಗಲೇ ಲಾಳಿಕೆಯನ್ನು ಎದೆಮಟ್ಟದ ನೀರಿಗೆ ಕಟ್ಟಿದೆವು. ಭಾನುವಾರ ಸಂಜೆಗೆ ಬಾಟಲಿ ಅರ್ಧ ತುಂಬಿತ್ತು. ಮಡುವಿನ ತಳದ ನೀರನ್ನೂ ಗಾಳಿ ಹೊಗದ ಹಾಗೆ ಸೀಸೆಗೆ ಹಿಡಿದು ಮುಚ್ಚಳ ಬಿಗಿದೆ. ಸೋಮವಾರ ಮೊದಲ ಬಸ್ಸಿಗೆ ಮೈಸೂರು. ಬಾಟಲಿ, ಸೀಸೆ ಎರಡೂ ತೊಡೆಯ ಮೇಲೆ.

ಲ್ಯಾಬಿನ ಅನಿಲ ಅಳೆಯುವ ಯಂತ್ರಕ್ಕೆ ಮೊದಲು ಲಾಳಿಕೆಯ ಗಾಳಿ ಹಾಕಿದೆ, ಮೀಥೇನ್ ತೋರಿಸಿತು. ಆಮೇಲೆ ಮಡುವಿನ ನೀರಿನಿಂದ ಬಿಡಿಸಿದ ಗಾಳಿ. ಪರದೆಯ ಮೇಲೆ ಗೆರೆ ಏರಿತು, ಇನ್ನೂ ಏರಿತು. ಮೇಡಂ ಕನ್ನಡಕ ಸರಿಮಾಡಿಕೊಂಡು "ಇನ್ನೊಂದು ಸಲ ಹಾಕು" ಅಂದರು. ಹಾಕಿದೆ. ಅಷ್ಟೇ ಏರಿತು.

"ಇದನ್ನೇ ಬರಿ. ವಿಷಯ ಬದಲಾಯಿಸಬೇಡ."

ಸಂಜೆ ಏರಿಯ ಮೇಲೆ, ಅವತ್ತು ಎಣ್ಣೆ ಉಯ್ಯಕಾ ಅಂದಿದ್ದ ಅಣ್ಣನೇ ಕೂತಿದ್ದ. "ಏನ್ ಲಾಳಿಕೆ, ಸಿಕ್ತಾ?"

"ಸಿಕ್ತು ಕಣಣ್ಣ! ನೀರೊಳ್ಗೇ ಇತ್ತು!" ಅಂತ ತೂಬಿನ ಹತ್ತಿರವಿದ್ದ ಅಪ್ಪನಿಗೂ ಕೇಳುವ ಹಾಗೆ ಕೂಗಿದೆ.

ಎಂಎಸ್ಸಿ ಪಾಸಾದೆ. ಊರಲ್ಲಿ ಈಗಲೂ ಲಾಳಿಕೆ ಅಂತಲೇ ಕರೆಯುತ್ತಾರೆ. ಓ ಅಂತೀನಿ.