ಉದ್ದಕ್ಕ ಸಂಘ ಸೇರಿದ್ದು

ನಮ್ಮ ಲಾಂಡ್ರಿಯಲ್ಲಿ ಉದ್ದಕ್ಕನನ್ನು ಹುಡುಕುವುದು ಕಷ್ಟವಲ್ಲ. ಬಟ್ಟೆಯ ರಾಶಿಗಳ ಮೇಲೆ ಯಾರ ತಲೆ ಕಾಣುತ್ತದೋ ಅವಳೇ. ಗಂಡ, ಸ್ಕೂಲಿಗೆ ಹೋಗುವ ಮಗಳ ಜೊತೆ ಬೇರೆ ದೇಶದಿಂದ ದುಡಿಯಲು ಬಂದವಳು. ನಾನು ಹರಿದ ಚಾದರ ಹೊಲಿಯುವವಳು. ಅವಳು ಮಡಿಸುವ ಜಾಗದ ಪಕ್ಕದಲ್ಲೇ ನನ್ನ ಸ್ಟೂಲು. ಕೈಯಲ್ಲಿ ಸೂಜಿಯಿದ್ದರೂ ಕಿವಿ ಖಾಲಿಯಿರುತ್ತದಲ್ಲ.

ಅವಳಿಗೆ ಬೆಳಿಗ್ಗೆ ಚಾದರ ಇಸ್ತ್ರಿ ಮಾಡುವ ಬಿಸಿ ರೋಲರ್, ಮಧ್ಯಾಹ್ನ ಮಡಿಕೆ. ಹೋಟೆಲಿನ ಚಾದರಕ್ಕೆ ಇಬ್ಬರು ಬೇಕು. ಇವಳ ಜೋಡಿ ಕುಳ್ಳಕ್ಕ, ಇಲ್ಲಿಯವಳೇ, ನಮ್ಮ ಕಾರ್ಮಿಕರ ಸಂಘದ ಕಾರ್ಯದರ್ಶಿ. ಒಬ್ಬಳು ಮಂಡಿ ಬಗ್ಗಿಸಬೇಕು, ಇನ್ನೊಬ್ಬಳು ತುದಿಗಾಲಲ್ಲಿ ನಿಲ್ಲಬೇಕು. ಆ ಗದ್ದಲದಲ್ಲಿ ಅಂಚಿಗೆ ಅಂಚು ಕೂಡಿಸಲು ಹತ್ತಿರ ಬಂದಾಗಷ್ಟೇ ಮಾತು. ಒಂದು ಮಡಿಕೆಗೆ ಒಂದು ಮಾತು.

"ಸಂಘಕ್ಕೆ ಸೇರ್ಕೊಳ್ಳೇ," ಅಂದಳು ಕುಳ್ಳಕ್ಕ.

ದೂರ ಹೋದರು, ಹತ್ತಿರ ಬಂದರು.

"ಹೊರದೇಶದವರು ಸೇರಿದ್ರೆ ಇಲ್ಲಿ ದುಡಿಯೋ ಪರವಾನಗಿ ರದ್ದಾಗತ್ತಂತೆ. ಸೂಪರ್‌ವೈಸರ್ ಸರ್ ಹೇಳಿದ್ರು."

ಕುಳ್ಳಕ್ಕ ಸಿಟ್ಟಿನಲ್ಲಿ ಚಾದರದ ತುದಿಯನ್ನೇ ಕೈಬಿಟ್ಟಳು. "ಸುಳ್ಳು ಕಣೇ! ಇಲ್ಲಿ ದುಡಿಯೋರು ಯಾರು ಬೇಕಾದ್ರೂ ಸೇರಬಹುದು, ಕಾನೂನೇ ಇದೆ."

ಹೀಗೆ ಮೂರು ದಿನ ಎಳೆಯಿತು. ಊಟದ ಹೊತ್ತಲ್ಲಿ ಕೂತು ಮುಗಿಸಬಹುದಿತ್ತಲ್ಲ ಅಂತೀರಾ? ಊಟದ ಹೊತ್ತಲ್ಲಿ ಇಬ್ಬರಿಗೂ ತಂತಮ್ಮ ಮಗಳನ್ನು ಹೊಗಳಿ ಮುಗಿಯಬೇಕಲ್ಲ!

ಉದ್ದಕ್ಕನ ಭಯ ಸುಮ್ಮನೆ ಬಂದದ್ದಲ್ಲ. ಪರವಾನಗಿ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಅವಳ ಮಣಿಕಟ್ಟಿನ ಮೇಲೆ ರೋಲರ್ ಸುಟ್ಟ ಗಾಯವೂ ಸುಮ್ಮನೆ ಬಂದದ್ದಲ್ಲ. ರೋಲರಿಗೆ ಕೈ ತಾಗದಂತೆ ತಡೆ ಹಾಕಿಸಿ ಎಂದು ಸಂಘ ಕೇಳಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ: "ರೋಲರಿನವರೇ ಬಾಯಿ ಬಿಡ್ತಿಲ್ಲ, ನಿಮಗ್ಯಾಕೆ ಉರಿ?" ರೋಲರಿನ ಹನ್ನೊಂದು ಮಂದಿಯೂ ಹೊರದೇಶದವರು. ಬಾಯಿ ಎಲ್ಲಿಂದ ಬಿಟ್ಟಾರು?

ನಾಲ್ಕನೇ ದಿನ ಉದ್ದಕ್ಕ ಒಂದು ಬಿಳಿ ಹಾಳೆ, ಪೆನ್ನು ಹಿಡಿದು ಸೂಪರ್‌ವೈಸರ್ ಕೋಣೆಗೆ ಹೋದಳು. ಹೊಲಿದ ಚಾದರ ತೋರಿಸಲು ನಾನೂ ಬಾಗಿಲಲ್ಲಿದ್ದೆ. ಅಷ್ಟು ಅವಸರವೇನೂ ಇರಲಿಲ್ಲ, ಆದರೂ ಇದ್ದೆ.

"ಸರ್, ಸಂಘ ಸೇರಿದ್ರೆ ಪರವಾನಗಿ ಹೋಗತ್ತೆ ಅಂದ್ರಲ್ಲ, ಅದನ್ನ ಇದರಲ್ಲಿ ಬರೆದುಕೊಡಿ."

"ಯಾಕಮ್ಮಾ, ಬಾಯಲ್ಲಿ ಹೇಳಿದ್ದು ಸಾಲದಾ?"

"ಪರವಾನಗಿನ ಬಾಯಲ್ಲಿ ಕೊಟ್ಟಿಲ್ವಲ್ಲ ಸರ್. ನಮ್ಮನೆಯವರಿಗೆ ತೋರಿಸ್ಬೇಕು. ಕೆಳಗೆ ನಿಮ್ಮದೊಂದು ಸಹಿ ಇರಲಿ."

ಅವಳ ಮಾತಿನಲ್ಲಿ ಚೂರೂ ಕುಚೋದ್ಯವಿರಲಿಲ್ಲ. ಆ ಮನುಷ್ಯ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕುತ್ತಿಗೆ ಒರೆಸಿಕೊಂಡರು.

"ನಾನೆಲ್ಲಿ ಹಾಗಂದೆ? ಹಾಗಾಗಬಹುದೇನೋ ಅಂದೆ ಅಷ್ಟೇ. ಹೋಗು, ಹೋಗು, ಕೆಲಸ ನೋಡು."

ಉದ್ದಕ್ಕ ಬಂದು ಚಾದರ ಹಿಡಿದಳು. ಅಂಚು ಕೂಡಿದಾಗ, "ಬರೆಯಲಿಲ್ಲ," ಅಂದಳು. ಮುಂದಿನ ಮಡಿಕೆಗೆ, "ಫಾರಂ ಎಲ್ಲಿ?" ಅಂದಳು.

ಫಾರಮ್ಮನ್ನು ಮಡಿಸಿದ ಚಾದರದ ಮೇಲಿಟ್ಟು ಅಲ್ಲೇ ಸಹಿ ಹಾಕಿದಳು, ನಾನು ನೋಡಿದೆ. ಅವಳನ್ನು ನೋಡಿ ವಾರದೊಳಗೆ ಉಳಿದ ಹತ್ತು ಮಂದಿಯೂ ಹಾಕಿದರು. ತಡೆಯ ಬಗ್ಗೆ ಈಗ ಮಾತುಕತೆ ನಡೆಯುತ್ತಿದೆ. ಸಂಘದ ಪರವಾಗಿ ಮಾಲೀಕರ ಎದುರಿನ ಕುರ್ಚಿಯಲ್ಲಿ ಉದ್ದಕ್ಕ ಕೂರುತ್ತಾಳೆ.

ಹೋದ ತಿಂಗಳು ಅವಳ ಪರವಾನಗಿ ನವೀಕರಣವಾಗಿ ಬಂತು. ಲಾಂಡ್ರಿಯಲ್ಲಿ ಒಬ್ಬರನ್ನೂ ಬಿಡದೆ ತೋರಿಸಿದಳು, ಸೂಪರ್‌ವೈಸರ್ ಕೋಣೆಗೂ ಹೋದಳು.

"ಬಂತು ಸರ್."

"ಸಂತೋಷ," ಅಂದರು ಅವರು, ಮುಖ ಹುಳ್ಳಗೆ ಮಾಡಿಕೊಂಡು.